ಅಪಘಾತದ ಸ್ಥಳದಿಂದ ಪರಾರಿಯಾಗುವ ಚಾಲಕ ಮತ್ತು ಕಾನೂನು: ಪ್ರೌಢಶಾಲಾ ತರಗತಿಗೊಂದು ಪಾಠ

ಸಮಾಜ ವಿಜ್ಞಾನದ ಬೋಧನಾಭ್ಯಾಸದಲ್ಲಿ ರಸ್ತೆ ಸುರಕ್ಷತೆಯ ಪಾಠ ಪ್ರತಿ ವರ್ಷವೂ ಒಬ್ಬಿಬ್ಬರು ಪ್ರಶಿಕ್ಷಣಾರ್ಥಿಗಳ ಪಾಲಿಗೆ ಬರುತ್ತದೆ. ಹೆಲ್ಮೆಟ್, ಸಿಗ್ನಲ್ ದೀಪ, ಜೀಬ್ರಾ ಪಟ್ಟೆಗಳ ಚಾರ್ಟು ಸಿದ್ಧವಾಗುತ್ತದೆ, ಪಾಠ ಮುಗಿಯುತ್ತದೆ. ಅಪಘಾತ ಆಗದಂತೆ ಏನು ಮಾಡಬೇಕೆಂಬುದಷ್ಟೇ ಅಲ್ಲಿರುತ್ತದೆ. ಆದ ಮೇಲೆ ಚಾಲಕ ಏನು ಮಾಡಬೇಕು, ಮಾಡದೆ ಹೋದರೆ ಕಾನೂನು ಏನು ಮಾಡುತ್ತದೆ ಎಂಬಲ್ಲಿಗೆ ಹೋಗುವ ಪಾಠಗಳು ಕಡಿಮೆ. ಹೋದವೂ ಬಹುಮಟ್ಟಿಗೆ ಒಂದೇ ವಾಕ್ಯದಲ್ಲಿ ನಿಂತುಬಿಡುತ್ತವೆ: "ಗುದ್ದಿ ಓಡಿಹೋದರೆ ಹತ್ತು ವರ್ಷ ಜೈಲು."

ಕೇಳಲು ಖಡಕ್ಕಾದ ವಾಕ್ಯ. ಮಕ್ಕಳು ಅಡಿಗೆರೆ ಹಾಕಿ ಬರೆದುಕೊಳ್ಳುತ್ತಾರೆ. ಆದರೆ ಹತ್ತು ವರ್ಷದ ಆ ಶಿಕ್ಷೆಯನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ 106(2)ನೆಯ ಉಪಕಲಮನ್ನು ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂದಾಗ ಕೇಂದ್ರ ಸರ್ಕಾರ ಬೇಕೆಂದೇ ಹೊರಗಿಟ್ಟಿತು. ಜಾರಿಯ ದಿನಾಂಕವನ್ನು ಸಾರಿದ ಫೆಬ್ರುವರಿಯ ಅಧಿಸೂಚನೆಯಲ್ಲೇ ಈ ಒಂದು ಉಪಕಲಂ ಬಿಟ್ಟು ಎಂದು ಬರೆದಿದೆ. ಪಾಠಕ್ಕೆ ಹೋಗುವ ಮುನ್ನ ಆ ಸ್ಥಿತಿ ಬದಲಾಗಿದೆಯೇ ಎಂದು ನೋಡಿಕೊಳ್ಳುವುದು ಪ್ರಶಿಕ್ಷಣಾರ್ಥಿಯ ಕೆಲಸ. ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಓಡಿದ್ದಕ್ಕೆ ಇಷ್ಟು ವರ್ಷ ಎಂದು ಕಾನೂನು ಶುರುವಾಗುವುದಿಲ್ಲ. ಅದು ಮೊದಲು ಚಾಲಕನಿಗೆ ಕೆಲವು ಕೆಲಸಗಳನ್ನು ವಹಿಸುತ್ತದೆ, ಮಾಡದಿದ್ದರೆ ಶಿಕ್ಷೆ ಎನ್ನುತ್ತದೆ. ಪಾಠವೂ ಅದೇ ಕ್ರಮದಲ್ಲಿ ನಡೆದರೆ ಹದಿನಾಲ್ಕು ಹದಿನೈದರ ಮಕ್ಕಳಿಗೆ ತಲುಪುತ್ತದೆ ಎಂಬುದು ನನ್ನ ಅಭಿಪ್ರಾಯ. 9 ಅಥವಾ 10ನೆಯ ತರಗತಿಯ ಒಂದು ಅವಧಿಗೆ ಬೇಕಾದ ವಿಷಯ ವಿಶ್ಲೇಷಣೆಯನ್ನೂ ಪಾಠದ ಹರಿವನ್ನೂ ಇಲ್ಲಿ ಕೊಟ್ಟಿದೆ.

ವಿಷಯ ವಿಶ್ಲೇಷಣೆ: ಮೊದಲು ಕರ್ತವ್ಯ

ಆರಂಭಿಸಬೇಕಾದದ್ದು 1988ರ ಮೋಟಾರು ವಾಹನ ಕಾಯ್ದೆಯ 134ನೆಯ ಕಲಮಿನಿಂದ. ವಾಹನದಿಂದ ಯಾರಿಗಾದರೂ ಗಾಯವಾದರೆ, ಅಥವಾ ಬೇರೊಬ್ಬರ ಸ್ವತ್ತಿಗೆ ಹಾನಿಯಾದರೆ, ಚಾಲಕ ಮಾಡಲೇಬೇಕಾದದ್ದನ್ನು ಅದು ಹೇಳುತ್ತದೆ. ಗಾಯಗೊಂಡವರನ್ನು ಹತ್ತಿರದ ವೈದ್ಯರ ಬಳಿಗೋ ಆಸ್ಪತ್ರೆಗೋ ಸೇರಿಸಲು ಸಾಧ್ಯವಾದ ಎಲ್ಲ ಕ್ರಮ ತೆಗೆದುಕೊಳ್ಳಬೇಕು. ಪೊಲೀಸರು ಕೇಳಿದ ಮಾಹಿತಿ ಕೊಡಬೇಕು. ಪೊಲೀಸರು ಅಲ್ಲಿಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ಏನೇ ಆದರೂ 24 ಗಂಟೆಯೊಳಗೆ, ನಡೆದದ್ದನ್ನು ತಿಳಿಸಬೇಕು. ವಿಮೆ ಕೊಟ್ಟ ಸಂಸ್ಥೆಗೂ ಲಿಖಿತವಾಗಿ ತಿಳಿಸಬೇಕು. ಆಸ್ಪತ್ರೆಯ ವೈದ್ಯರಿಗೂ ಇದೇ ಕಲಮಿನಲ್ಲಿ ಒಂದು ಆದೇಶವಿದೆ: ಕಾಗದಪತ್ರದ ಔಪಚಾರಿಕತೆಗೆ ಕಾಯದೆ ತಕ್ಷಣ ಚಿಕಿತ್ಸೆ ಆರಂಭಿಸಬೇಕು. 'ಪೊಲೀಸ್ ಕೇಸು, ಮೊದಲು ಠಾಣೆಗೆ ಹೋಗಿ ಬನ್ನಿ' ಎಂಬ ಮಾತಿಗೆ ಕಾಯ್ದೆಯಲ್ಲಿ ಜಾಗವಿಲ್ಲ. ಮಕ್ಕಳ ಮನೆಗಳಲ್ಲಿ ಇದು ಬಹಳ ಜನಕ್ಕೆ ಗೊತ್ತಿರುವುದಿಲ್ಲ.

ಆಸ್ಪತ್ರೆಗೆ ಸೇರಿಸುವ ಕರ್ತವ್ಯಕ್ಕೆ ಕಾಯ್ದೆ ಒಂದು ವಿನಾಯಿತಿ ಇಟ್ಟಿದೆ: ಜನರ ಗುಂಪಿನ ರೋಷದಿಂದಲೋ ತನ್ನ ಹಿಡಿತ ಮೀರಿದ ಬೇರೆ ಕಾರಣದಿಂದಲೋ ಅದು ಅಸಾಧ್ಯವಾದರೆ. ಕಳೆದ ಬೋಧನಾಭ್ಯಾಸದಲ್ಲಿ ನಾನು ವೀಕ್ಷಿಸಿದ ಪಾಠವೊಂದರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ನಿಂತ್ರೆ ಹೊಡೆದು ಸಾಯಿಸ್ತಾರೆ ಸಾರ್. ನಮ್ಮಪ್ಪ ಲಾರಿ ಓಡಿಸ್ತಾರೆ" ಎಂದ. ಪ್ರಶಿಕ್ಷಣಾರ್ಥಿ, "ಕಾನೂನು ಅಂದ್ರೆ ಕಾನೂನು, ಕೂತ್ಕೊ" ಎಂದು ಮುಂದಕ್ಕೆ ಹೋದರು. ಹುಡುಗ ಕೂತ. ಅಪ್ಪನ ಕಡೆಯಿಂದ ಅವನು ಕೇಳಿದ ಆ ಮಾತಿಗೆ ಉತ್ತರ ಕಾನೂನಿನೊಳಗೇ ಇತ್ತು. ಗುಂಪು ಸೇರಿ ಹೊಡೆಯಬಹುದೆಂಬ ಭಯವನ್ನು ಸಂಸತ್ತು ತಿಳಿಯದೆ ಕಾಯ್ದೆ ಮಾಡಿಲ್ಲ. ಆ ಭಯವಿದ್ದರೆ ಜಾಗ ಬಿಡಬಹುದು. ಬಿಟ್ಟು ಠಾಣೆಗೆ ಹೋಗಬೇಕು, ಗಾಯಾಳುವನ್ನು ಏಕೆ ಆಸ್ಪತ್ರೆಗೆ ಸೇರಿಸಲಾಗಲಿಲ್ಲ ಎಂಬುದನ್ನೂ ಅಲ್ಲಿ ಹೇಳಬೇಕು. ವಿನಾಯಿತಿ ಇರುವುದು ಸ್ಥಳ ಬಿಡುವುದಕ್ಕೆ, ಸುಮ್ಮನಿರುವುದಕ್ಕಲ್ಲ. ಇಡೀ ಪಾಠದ ಕೀಲು ಇಲ್ಲಿದೆ.

ಇದರ ಜೊತೆಗೆ 132 ಮತ್ತು 133ನೆಯ ಕಲಮುಗಳನ್ನು ಚುಟುಕಾಗಿ ಹೇಳಿದರೆ ಸಾಕು. ಅಪಘಾತದಲ್ಲಿ ಬಾಧಿತರಾದವರು ತಮ್ಮ ಹೆಸರು ವಿಳಾಸ ಹೇಳಿ ಕೇಳಿದರೆ ಚಾಲಕ ತನ್ನ ಮತ್ತು ವಾಹನದ ಮಾಲೀಕರ ಹೆಸರು ವಿಳಾಸ ಕೊಡಬೇಕು. ಅಂದು ವಾಹನ ಓಡಿಸಿದವರು ಯಾರೆಂದು ಪೊಲೀಸರು ಕೇಳಿದರೆ ಮಾಲೀಕರೂ ಹೇಳಬೇಕು. ಚಾಲಕನನ್ನು ಮುಚ್ಚಿಡುವ ಮಾಲೀಕರಿಗೂ ಶಿಕ್ಷೆಯಿದೆ.

ಆಮೇಲೆ ಶಿಕ್ಷೆ

ಈ ಕರ್ತವ್ಯಗಳನ್ನು ಪಾಲಿಸದವರಿಗೆ 187ನೆಯ ಕಲಂ ಶಿಕ್ಷೆ ಹೇಳುತ್ತದೆ. 2019ರ ತಿದ್ದುಪಡಿಯ ಅನಂತರ ಮೊದಲ ಸಲಕ್ಕೆ 6 ತಿಂಗಳವರೆಗಿನ ಕಾರಾಗೃಹ, ಅಥವಾ 5,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಮತ್ತೊಮ್ಮೆ ಮಾಡಿದರೆ 1 ವರ್ಷ, 10,000 ರೂಪಾಯಿ. ಅದಕ್ಕೂ ಮುಂಚೆ ಮೊದಲ ಸಲದ ದಂಡ ಬರೀ 500 ರೂಪಾಯಿ ಇತ್ತು.

ಇದು ಕರ್ತವ್ಯ ತಪ್ಪಿದ್ದಕ್ಕೆ. ಅಪಘಾತ ಮಾಡಿದ್ದಕ್ಕೆ ಬೇರೆ ಶಿಕ್ಷೆ. ಅಜಾಗರೂಕ ಚಾಲನೆಯಿಂದ ಗಂಭೀರ ಗಾಯವಾದರೆ ನ್ಯಾಯ ಸಂಹಿತೆಯ 125ನೆಯ ಕಲಮಿನಂತೆ 3 ವರ್ಷದವರೆಗೆ; ಸಾವು ಸಂಭವಿಸಿದರೆ 106(1)ರಂತೆ 5 ವರ್ಷದವರೆಗೆ ಮತ್ತು ದಂಡ. ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ಇದು 2 ವರ್ಷವಿತ್ತು, ದಂಡ ಕಟ್ಟಿಯೇ ಹೊರಬರಲು ಅವಕಾಶವೂ ಇತ್ತು. ಗಂಭೀರ ಗಾಯ ಎಂದರೆ ರಕ್ತದ ಮಡುವೇ ಆಗಬೇಕಿಲ್ಲ ಎಂಬುದನ್ನು ಮಕ್ಕಳಿಗೆ ಹೇಳಿ. ಮೂಳೆ ಮುರಿದರೂ ಹಲ್ಲು ಮುರಿದರೂ ಕಾನೂನಿನ ಲೆಕ್ಕದಲ್ಲಿ ಅದು ಗಂಭೀರ ಗಾಯ.

ಈಗ ಹತ್ತು ವರ್ಷದ ಮಾತು. 106(2)ನೆಯ ಉಪಕಲಂ ಹೇಳುವುದಿಷ್ಟು: ಅಜಾಗರೂಕ ಚಾಲನೆಯಿಂದ ಸಾವು ಉಂಟುಮಾಡಿ, ಘಟನೆಯ ಅನಂತರ ಬೇಗನೆ ಪೊಲೀಸ್ ಅಧಿಕಾರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಪರಾರಿಯಾದವರಿಗೆ 10 ವರ್ಷದವರೆಗಿನ ಕಾರಾಗೃಹ ಮತ್ತು ದಂಡ. ಕನ್ನಡ ಬೋಧನೆಯ ಪ್ರಶಿಕ್ಷಣಾರ್ಥಿಗಳೂ ಈ ವಾಕ್ಯವನ್ನು ಬಳಸಿಕೊಳ್ಳಬಹುದು. 'ತಿಳಿಸದೆ' ಎಂಬ ನಿಷೇಧಾರ್ಥಕ ಪದವನ್ನು ತೆಗೆದು ಓದಿಸಿ, ಮತ್ತೆ ಸೇರಿಸಿ ಓದಿಸಿ. ತೆಗೆದರೆ ಜಾಗ ಬಿಟ್ಟವರೆಲ್ಲ ಅಪರಾಧಿಗಳು. ಸೇರಿಸಿದರೆ ಗುಂಪಿಗೆ ಹೆದರಿ ಓಡಿ ಠಾಣೆಯ ಮೆಟ್ಟಿಲು ಹತ್ತಿದವರು ಆಚೆ ಉಳಿಯುತ್ತಾರೆ. ಒಂದು ಪದ ಒಬ್ಬ ಮನುಷ್ಯನ ಐದು ವರ್ಷವನ್ನು ಹಿಡಿದುಕೊಂಡಿದೆ.

2024ರ ಜನವರಿಯ ಮೊದಲ ದಿನಗಳಲ್ಲಿ ಲಾರಿ, ಬಸ್ಸು, ಟ್ಯಾಂಕರು ಚಾಲಕರು ದೇಶದ ಹಲವೆಡೆ ಮುಷ್ಕರ ಹೂಡಿದ್ದು ಇದೇ ಉಪಕಲಮಿನ ವಿರುದ್ಧ. ಪೆಟ್ರೋಲ್ ಬಂಕುಗಳ ಮುಂದೆ ಉದ್ದದ ಸಾಲುಗಳಾದವು. ಜನವರಿ 2ರಂದು ಕೇಂದ್ರ ಗೃಹ ಕಾರ್ಯದರ್ಶಿ ಸಾರಿಗೆದಾರರ ಸಂಘಟನೆಯೊಂದಿಗೆ ಮಾತನಾಡಿ, ಸಮಾಲೋಚಿಸದೆ ಇದನ್ನು ಜಾರಿಗೆ ತರುವುದಿಲ್ಲ ಎಂದರು. ಆಗ ಎಲ್ಲೆಡೆ ಹರಡಿದ ಮಾತು 'ಹತ್ತು ವರ್ಷ ಜೈಲು, ಏಳು ಲಕ್ಷ ದಂಡ' ಎಂಬುದು. ಉಪಕಲಮಿನಲ್ಲಿ ಏಳು ಲಕ್ಷವೂ ಇಲ್ಲ, ಬೇರೆ ಯಾವ ಮೊತ್ತವೂ ಇಲ್ಲ. ದಂಡಕ್ಕೂ ಗುರಿಯಾಗಬೇಕು ಎಂದಷ್ಟೇ ಇದೆ. ಮೂಲ ಪಠ್ಯವನ್ನು ಓದುವ ಅಭ್ಯಾಸ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಗೆ ಸಿಗಲಾರದು. ಹಾಗೆಂದು ಚಾಲಕರ ಆತಂಕವನ್ನು ವದಂತಿಯೆಂದು ತಳ್ಳಿಹಾಕಬೇಡಿ. 134ನೆಯ ಕಲಂ 24 ಗಂಟೆಯ ಗಡಿ ಕೊಡುತ್ತದೆ. 106(2) 'ಬೇಗನೆ' ಎನ್ನುತ್ತದೆ. ಎಷ್ಟು ಬೇಗ ಎಂಬುದನ್ನು ಪ್ರಕರಣದಿಂದ ಪ್ರಕರಣಕ್ಕೆ ನ್ಯಾಯಾಲಯ ತೀರ್ಮಾನಿಸಬೇಕಾಗುತ್ತದೆ. ತಿಂಗಳಿಗೆ ಇಪ್ಪತ್ತು ರಾತ್ರಿ ರಸ್ತೆಯಲ್ಲಿ ಕಳೆಯುವವರು ಈ ಅಂತರದ ಬಗ್ಗೆ ಹೆದರಿದರೆ ಅದು ಅಸಹಜವಲ್ಲ.

ಓಡುವುದರ ಲೆಕ್ಕ

ಶಿಕ್ಷೆಗಳ ಪಟ್ಟಿಯನ್ನು ಒಪ್ಪಿಸಿದರೆ ಪಾಠ ಮುಗಿಯುವುದಿಲ್ಲ, ಏಕೆಂದರೆ ಓಡುವವರು ಪಟ್ಟಿ ನೋಡಿ ಓಡುವುದಿಲ್ಲ. ಆದರೂ ಒಂದು ಲೆಕ್ಕವನ್ನು ಮೇಲಿನ ತರಗತಿಯವರೊಂದಿಗೆ ಚರ್ಚಿಸಬಹುದು. ಕುಡಿದು ವಾಹನ ಓಡಿಸುವವರ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮೀರಿ ಮದ್ಯಾಂಶವಿದ್ದರೆ ಅದು 185ನೆಯ ಕಲಮಿನ ಅಪರಾಧ. ಕುಡಿದು ಓಡಿಸಿ ಸಾವು ಉಂಟುಮಾಡಿದಾಗ ಕೊಲೆಯಲ್ಲದ ಮಾನವಹತ್ಯೆಯ ಭಾರವಾದ ಕಲಮನ್ನೇ ಅನ್ವಯಿಸಿದ ಸುಪ್ರೀಂ ಕೋರ್ಟಿನ ತೀರ್ಪುಗಳೂ ಇವೆ. ರಕ್ತದ ಮದ್ಯಾಂಶವೋ ಗಂಟೆಗಂಟೆಗೆ ಇಳಿಯುವಂಥದ್ದು. ರಾತ್ರಿ ಓಡಿಹೋಗಿ ಬೆಳಿಗ್ಗೆ ಸಿಕ್ಕವನ ರಕ್ತದಲ್ಲಿ ಏನು ಉಳಿದಿರುತ್ತದೆ? ಪರಾರಿಗೆ 6 ತಿಂಗಳು, ನಿಂತರೆ ಅದಕ್ಕಿಂತ ಎಷ್ಟೋ ಹೆಚ್ಚು ಎಂದಾದರೆ ಕಾನೂನೇ ತಿಳಿಯದೆ ಓಡುವವನ ಪಕ್ಷ ವಹಿಸಿದಂತಾಗುತ್ತದೆ. 106(2)ನ್ನು ತಂದವರ ವಾದದ ಬಲ ಇಲ್ಲಿದೆ. ಎದುರು ವಾದವೂ ಇದೆ: ಶಿಕ್ಷೆ ಎಷ್ಟು ಏರುತ್ತದೋ ಅಷ್ಟೇ ಭಯವೂ ಏರುತ್ತದೆ, ಭಯಗೊಂಡವನು ನಿಲ್ಲುವುದಿಲ್ಲ. ಎರಡನ್ನೂ ಮಕ್ಕಳ ಮುಂದಿಡಿ, ತೀರ್ಪು ಕೊಡಲು ಹೋಗಬೇಡಿ.

1999ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಬಿಎಂಡಬ್ಲ್ಯೂ ಕಾರಿನ ಪ್ರಕರಣವನ್ನು ಇಲ್ಲಿ ನೆನೆಯಬಹುದು. ಆರು ಜನ ಸತ್ತರು, ಅವರಲ್ಲಿ ಮೂವರು ಪೊಲೀಸರು. ಕಾರು ನಿಲ್ಲದೆ ಹೋಯಿತು. ರಸ್ತೆಯ ಮೇಲೆ ಸೋರಿದ್ದ ಎಣ್ಣೆಯ ಜಾಡು ಹಿಡಿದು ಪೊಲೀಸರು ಕಾರಿದ್ದ ಮನೆ ತಲುಪಿದರು. 2012ರಲ್ಲಿ ಸುಪ್ರೀಂ ಕೋರ್ಟು ಭಾರವಾದ ಕಲಮಿನಡಿ ಅಪರಾಧವನ್ನು ಎತ್ತಿಹಿಡಿಯಿತು. ಅನುಭವಿಸಿದ ಎರಡು ವರ್ಷದ ಸೆರೆವಾಸವೇ ಸಾಕೆಂದಿತು; ಎರಡು ವರ್ಷ ಸಮುದಾಯ ಸೇವೆ ಮಾಡಬೇಕು, 50 ಲಕ್ಷ ರೂಪಾಯಿ ಕಟ್ಟಬೇಕು ಎಂದಿತು. ಆ ಹಣ ಹೋಗಬೇಕಾದದ್ದು ಗುದ್ದಿದ ವಾಹನ ಪತ್ತೆಯೇ ಆಗದ ಅಪಘಾತಗಳ ಸಂತ್ರಸ್ತರಿಗೆ. ಶಿಕ್ಷೆ ಸರಿಯೋ ತಪ್ಪೋ ಎಂದು ಮಕ್ಕಳು ವಾದಿಸುತ್ತಾರೆ, ವಾದಿಸಲಿ. ಆ ಸಂತ್ರಸ್ತರು ಯಾರು ಎಂಬ ಪ್ರಶ್ನೆಗೆ ಪಾಠ ಹೊರಳಿಕೊಳ್ಳಲು ಇದು ದಾರಿ.

ಬಿದ್ದವರ ಕಡೆ

ನಾನು ನೋಡಿದ ಪಾಠಯೋಜನೆಗಳಲ್ಲಿ ಪೂರ್ತಿ ಖಾಲಿ ಬಿದ್ದಿರುವ ಜಾಗ ಇದು. ವಾಹನ ಯಾವುದೆಂದು ಗೊತ್ತಾದರೆ ಸಂತ್ರಸ್ತರ ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಸತ್ತವರ ವಯಸ್ಸು, ದುಡಿಮೆ, ನೆಚ್ಚಿಕೊಂಡವರ ಸಂಖ್ಯೆ ನೋಡಿ ಮಂಡಳಿ ಪರಿಹಾರ ಲೆಕ್ಕ ಹಾಕುತ್ತದೆ. ಗಾಯವಾದರೆ ಚಿಕಿತ್ಸೆಯ ಖರ್ಚು, ಕೈತಪ್ಪಿದ ಗಳಿಕೆ ಸೇರುತ್ತವೆ. ವಾಹನಕ್ಕೆ ಮೂರನೆಯವರ ವಿಮೆ ಕಡ್ಡಾಯ, ಆದ್ದರಿಂದ ಸಾಮಾನ್ಯವಾಗಿ ಹಣ ಕೊಡುವುದು ವಿಮಾ ಸಂಸ್ಥೆ. 'ಮನೆ ಮಾರಬೇಕಾಗುತ್ತೆ' ಎಂದು ಹೆದರಿ ಓಡುವ ಚಾಲಕ ಎಷ್ಟೋ ಸಲ ವಿಮೆ ತೆರಬಹುದಾಗಿದ್ದ ಹಣಕ್ಕೆ ಹೆದರಿ ಓಡಿರುತ್ತಾನೆ.

ವಾಹನ ಪತ್ತೆಯಾಗದಿದ್ದರೆ ಆ ಬಾಗಿಲು ಮುಚ್ಚಿತು. ಉಳಿಯುವುದು 161ನೆಯ ಕಲಂ ಮತ್ತು ಅದರಡಿಯ ಯೋಜನೆ. 2022ರ ಏಪ್ರಿಲ್ 1ರಿಂದ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ ರೂಪಾಯಿ. ಸತ್ತವರು ಕೂಲಿಯವರಿರಲಿ, ನೌಕರಿಯಲ್ಲಿರಲಿ, ಮೊತ್ತ ಅಷ್ಟೇ. ಅದಕ್ಕೆ ಮುಂಚೆ 25,000 ಮತ್ತು 12,500 ಇತ್ತು. ಅರ್ಜಿಯನ್ನು ತಾಲ್ಲೂಕು ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗೆ ಕೊಡಬೇಕು, ಮಂಜೂರಾತಿ ಜಿಲ್ಲಾಧಿಕಾರಿಯದು.

ಎಷ್ಟು ಜನ ಕೇಳಿಕೊಂಡು ಹೋಗುತ್ತಾರೆ? 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಅಂಕಿಗಳು ಇವು: 2022ರಲ್ಲಿ ದೇಶದಲ್ಲಿ ನಡೆದ ಗುದ್ದಿ ಪರಾರಿ ಅಪಘಾತಗಳು 67,387. 2022–23ರ ಆರ್ಥಿಕ ವರ್ಷದಲ್ಲಿ ಈ ಯೋಜನೆಯಡಿ ಬಂದ ಅರ್ಜಿಗಳು 205, ಇತ್ಯರ್ಥವಾದವು 95. ಈ ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಒಂದು ನಿಮಿಷ ಸುಮ್ಮನಿರಿ. ಅಪಘಾತ ವರದಿ ದಾಖಲಾಗಿ ಒಂದು ತಿಂಗಳೊಳಗೆ ವಾಹನ ಪತ್ತೆಯಾಗದಿದ್ದರೆ, ಈ ಯೋಜನೆಯಡಿ ಪರಿಹಾರ ಕೇಳಬಹುದೆಂದು ಠಾಣಾಧಿಕಾರಿ ಗಾಯಾಳುವಿಗೆ ಅಥವಾ ಸತ್ತವರ ವಾರಸುದಾರರಿಗೆ ಬರವಣಿಗೆಯಲ್ಲಿ ತಿಳಿಸಬೇಕೆಂದು ಕೋರ್ಟು ಅಂದು ಆದೇಶಿಸಿತು. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಇದನ್ನು ಮನೆಯಲ್ಲಿ ಹೇಳಿದರೆ ಆ ಕಾಗದ ಬರುವವರೆಗೆ ಕಾಯಬೇಕಾಗಿಲ್ಲ.

ನೆರವಿಗೆ ನಿಂತವರ ವಿಷಯ ಎರಡು ಮಾತಲ್ಲಿ ಹೇಳಿ. ಗುಡ್ ಸಮಾರಿಟನ್ ಎಂದು ಕಾಯ್ದೆ ಕರೆಯುವ ಪರೋಪಕಾರಿಗೆ 134ಎ ಕಲಂ ರಕ್ಷಣೆ ಕೊಡುತ್ತದೆ. ಹೆಸರು ವಿಳಾಸ ಹೇಳಲೇಬೇಕೆಂದು ಪೊಲೀಸರು ಅವರನ್ನು ಒತ್ತಾಯಿಸುವಂತಿಲ್ಲ. ಕರ್ನಾಟಕದಲ್ಲಿ ಇಂಥವರ ರಕ್ಷಣೆಗೆ 2016ರ ಪ್ರತ್ಯೇಕ ಕಾಯ್ದೆಯೂ ಇದೆ. ಚಾಲಕನ ಕರ್ತವ್ಯವನ್ನೂ ದಾರಿಹೋಕರ ರಕ್ಷಣೆಯನ್ನೂ ಮಕ್ಕಳು ಕಲಸಿಕೊಳ್ಳುತ್ತಾರೆ. ಚಾಲಕ ಹೆಸರು ಹೇಳಲೇಬೇಕು. ಎತ್ತಿ ಆಸ್ಪತ್ರೆಗೆ ತಂದ ದಾರಿಹೋಕರು ಹೇಳದೆಯೂ ಹೋಗಬಹುದು. ಈ ವ್ಯತ್ಯಾಸ ಹಲಗೆಯ ಮೇಲೆ ಬರಲಿ.

ಪಾಠದ ಹರಿವು

ಪೀಠಿಕೆಗೆ ಅಪಘಾತದ ಚಿತ್ರ, ವಿಡಿಯೊ ಬೇಡ. ತರಗತಿಯಲ್ಲಿ ಅಣ್ಣನನ್ನೋ ಅಪ್ಪನನ್ನೋ ರಸ್ತೆಯಲ್ಲಿ ಕಳೆದುಕೊಂಡ ಮಗು ಇರಬಹುದು. ಅದರ ಪಕ್ಕದಲ್ಲೇ ಲಾರಿ ಚಾಲಕರ ಮಗು ಕೂತಿರಬಹುದು. 'ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದೆಯೇ' ಎಂಬ ಪೂರ್ವಜ್ಞಾನ ಪರೀಕ್ಷೆಯ ಪ್ರಶ್ನೆಯನ್ನು ಕೇಳಲೇಬೇಡಿ. ಅದಕ್ಕೆ ಬದಲು ಪತ್ರಿಕೆಯಲ್ಲಿ ಸಾಮಾನ್ಯವಾಗಿ ಬರುವ ಒಂದು ವಾಕ್ಯ ಬರೆಯಿರಿ: 'ವಾಹನ ಸಮೇತ ಚಾಲಕ ಪರಾರಿಯಾಗಿದ್ದಾನೆ.' ಪರಾರಿ ಎಂದರೇನು ಎಂದು ಕೇಳಿ. ಬಂದ ಉತ್ತರಗಳನ್ನೆಲ್ಲ ಹಲಗೆಯ ಎಡಬದಿಯಲ್ಲಿ ಉಳಿಸಿಕೊಳ್ಳಿ, ಅಳಿಸಬೇಡಿ.

ಅನಂತರ ತರಗತಿಯನ್ನು ನಾಲ್ಕು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಸಂದರ್ಭದ ಚೀಟಿ ಕೊಡಿ. 134ನೆಯ ಕಲಮಿನ ಸಾರವನ್ನು ಆಮೇಲೆ ಕೊಡಬೇಕು, ಮೊದಲೇ ಅಲ್ಲ.

ಮೊದಲ ಚೀಟಿ: ಟೆಂಪೊ ಒಂದು ಸೈಕಲ್ಲಿಗೆ ತಾಗಿ ಸವಾರನ ಕಾಲು ಮುರಿದಿದೆ. ಜನ ದೊಣ್ಣೆ ಹಿಡಿದು ಬರುತ್ತಿದ್ದಾರೆ. ಚಾಲಕ ಟೆಂಪೊ ಓಡಿಸಿಕೊಂಡು ನೇರ ನಾಲ್ಕು ಕಿಲೋಮೀಟರು ದೂರದ ಠಾಣೆಗೆ ಹೋಗಿ ನಡೆದದ್ದನ್ನು ಹೇಳುತ್ತಾನೆ. ಪರಾರಿಯಾದನೇ? ಮಕ್ಕಳು ಮೊದಲು ಹೌದು ಎನ್ನುತ್ತಾರೆ. ಕಲಂ ಓದಿದ ಮೇಲೆ ಅಲ್ಲ ಎನ್ನುತ್ತಾರೆ. ಅಲ್ಲಿಗೆ ಬಿಡಬೇಡಿ, ದಾರಿಯಲ್ಲಿ 108ಕ್ಕೋ 112ಕ್ಕೋ ಒಂದು ಕರೆ ಮಾಡಬಹುದಿತ್ತಲ್ಲ ಎಂದು ಕೇಳಿ. ಸಾಧ್ಯವಾದ ಎಲ್ಲ ಕ್ರಮ ಎಂದು ಕಲಂ ಹೇಳುತ್ತದೆ. ಹತ್ತಿರ ಹೋಗಲಾಗದಿದ್ದರೂ ಫೋನು ಕೈಯಲ್ಲಿತ್ತು. ಗಾಯದ ಮೊದಲ ಒಂದು ಗಂಟೆಯನ್ನು ಕಾಯ್ದೆಯೇ ಸುವರ್ಣ ಗಂಟೆ ಎಂದು ವ್ಯಾಖ್ಯಾನಿಸಿದೆ ಎಂಬುದನ್ನು ಇಲ್ಲಿ ಸೇರಿಸಿ.

ಎರಡನೆಯದು ಕಷ್ಟದ್ದು, ಹೆಚ್ಚು ಹೊತ್ತು ಬೇಡುವಂಥದ್ದು. ಕಾರಿನವರು ಗಾಯಗೊಂಡ ಹೆಂಗಸನ್ನು ತಾವೇ ಆಸ್ಪತ್ರೆಗೆ ಸೇರಿಸಿ, ಮುಂಗಡ ಕಟ್ಟಿ, ತಪ್ಪು ಫೋನ್ ನಂಬರು ಬರೆಸಿ ಹೊರಟುಹೋಗುತ್ತಾರೆ. ಠಾಣೆಗೆ ಹೋಗುವುದಿಲ್ಲ. 'ಪಾಪ, ಒಳ್ಳೆಯವರು ಮೇಡಂ' ಎಂಬ ಮಾತು ಬಂದೇ ಬರುತ್ತದೆ. ಅದರಲ್ಲಿ ಅರ್ಧ ನಿಜವಿದೆ, ತಳ್ಳಿಹಾಕಬೇಡಿ. ಆ ಹೆಂಗಸು ಮೂರು ತಿಂಗಳು ಹೊಲಿಗೆ ಕೆಲಸಕ್ಕೆ ಹೋಗಲಾಗಲಿಲ್ಲ ಎಂದಿಟ್ಟುಕೊಳ್ಳಿ. ಯಾರನ್ನು ಕೇಳಬೇಕು? ಕಾರಿನ ನಂಬರು ಇದ್ದಿದ್ದರೆ ನ್ಯಾಯಮಂಡಳಿ, ವಿಮೆ. ಇಲ್ಲದಿದ್ದರೆ 50 ಸಾವಿರ, ಅದೂ ಗಾಯ ಗಂಭೀರವಾಗಿದ್ದರೆ. ಕಟ್ಟಿದ ಮುಂಗಡಕ್ಕಿಂತ ಬಚ್ಚಿಟ್ಟ ಹೆಸರಿನ ಬೆಲೆ ಹೆಚ್ಚು ಎಂಬುದನ್ನು ಮಕ್ಕಳೇ ಲೆಕ್ಕ ಹಾಕಿ ಹೇಳುವಂತಾಗಬೇಕು. ಚುರುಕಾದವರು ಇಲ್ಲಿ ಸಂವಿಧಾನದ 20(3)ನೆಯ ವಿಧಿಯನ್ನು ಎತ್ತಬಹುದು: ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲವಲ್ಲ? ಅಪಘಾತವಾಯಿತು, ವಾಹನ ಇದು, ಜಾಗ ಇದು ಎಂದು ತಿಳಿಸುವುದು ಬೇರೆ, ತಪ್ಪೊಪ್ಪಿಕೊಳ್ಳುವುದು ಬೇರೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಕೋರ್ಟಿನಲ್ಲಿ ಸಾಬೀತುಪಡಿಸಲು ಬಳಸುವಂತಿಲ್ಲ ಎಂಬುದನ್ನೂ ಹೇಳಿ.

ಮೂರನೆಯ ಚೀಟಿಯಲ್ಲಿ ರಾತ್ರಿ ಜೀಪು ತಾಗಿ ಹಸುವೊಂದು ಬಿದ್ದಿದೆ, ಸುತ್ತ ಯಾರೂ ಇಲ್ಲ, ಜೀಪು ಮುಂದೆ ಹೋಗಿದೆ. ಮಕ್ಕಳಿಗೆ ಇದರಲ್ಲಿ ಕುತೂಹಲ. ಹಸು ಮಾಲೀಕರ ಸ್ವತ್ತು, ಆದ್ದರಿಂದ ತಿಳಿಸುವ ಕರ್ತವ್ಯ ತಪ್ಪುವುದಿಲ್ಲ. 132ನೆಯ ಕಲಮಿನಲ್ಲಿ ಪ್ರಾಣಿ ಎಂದರೆ ಯಾವುವು ಎಂಬ ಪಟ್ಟಿಯೇ ಇದೆ: ಕುದುರೆ, ದನಕರು, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಮೇಕೆ. ನಾಯಿ ಇಲ್ಲ! ಏಕಿಲ್ಲ ಎಂದು ಮಕ್ಕಳು ಜಗಳಕ್ಕೇ ನಿಲ್ಲುತ್ತಾರೆ. ಎರಡು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ.

ನಾಲ್ಕನೆಯದು ಅವರದೇ ಕಥೆ. ಹತ್ತನೆಯ ತರಗತಿಯ ಹುಡುಗ ಅಪ್ಪನ ಸ್ಕೂಟರಿನಲ್ಲಿ ಟ್ಯೂಷನ್ನಿಗೆ ಹೋಗುತ್ತ ಅಜ್ಜಿಯೊಬ್ಬರಿಗೆ ತಾಗಿಸುತ್ತಾನೆ. ಅಜ್ಜಿ ಎದ್ದು ಕೂತು, "ಏನೂ ಆಗಿಲ್ಲ ಹೋಗಪ್ಪ" ಎನ್ನುತ್ತಾರೆ. ಹೋಗುತ್ತಾನೆ. ಸಂಜೆ ಅಜ್ಜಿಯ ಸೊಂಟದ ಮೂಳೆ ಮುರಿದಿದೆ ಎಂದು ಗೊತ್ತಾಗುತ್ತದೆ. ಹುಡುಗನ ಪ್ರಕರಣ ಬಾಲನ್ಯಾಯ ಕಾಯ್ದೆಯ ದಾರಿಯಲ್ಲಿ ಹೋಗುತ್ತದೆ. ಆದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪೋಷಕರನ್ನು ಅಥವಾ ವಾಹನದ ಮಾಲೀಕರನ್ನು ಹಿಡಿಯುತ್ತದೆ: 3 ವರ್ಷದವರೆಗೆ ಕಾರಾಗೃಹ, 25,000 ರೂಪಾಯಿ ದಂಡ. ತಮಗೆ ತಿಳಿಯದೆ ನಡೆಯಿತು ಎಂದೋ ತಡೆಯಲು ತಕ್ಕ ಎಚ್ಚರ ವಹಿಸಿದ್ದೆವು ಎಂದೋ ಸಾಬೀತುಪಡಿಸಿದರೆ ಅವರು ಪಾರು. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಇಲ್ಲ. ಇಲ್ಲಿ ತರಗತಿ ಸ್ತಬ್ಧವಾಗುತ್ತದೆ, ಏಕೆಂದರೆ ಶಾಲೆಯ ಗೇಟಿನ ಆಚೆ ನಿಂತಿರುವ ಎರಡು ಮೂರು ಸ್ಕೂಟರುಗಳು ಯಾರವೆಂದು ಎಲ್ಲರಿಗೂ ಗೊತ್ತು. ಹೆಸರು ಹಿಡಿದು ಯಾರನ್ನೂ ನೋಡಬೇಡಿ. ಅಜ್ಜಿ ಬೇಡವೆಂದ ಮೇಲೂ ಹುಡುಗ ಏನು ಮಾಡಬಹುದಿತ್ತು ಎಂದು ಕೇಳಿ. ದೊಡ್ಡವರಿಗೆ ಫೋನು ಮಾಡುವುದು, ಅಜ್ಜಿಯ ಮನೆಗೆ ಕರೆದೊಯ್ಯುವುದು, ಆಸ್ಪತ್ರೆಗೆ ತೋರಿಸುವುದು, ಠಾಣೆಗೆ ತಿಳಿಸುವುದು. ಉತ್ತರಗಳು ಮಕ್ಕಳಿಂದಲೇ ಬರುತ್ತವೆ.

ಕೊನೆಗೆ ಎಡಬದಿಯಲ್ಲಿ ಉಳಿಸಿಕೊಂಡ ಉತ್ತರಗಳಿಗೆ ಹಿಂದಿರುಗಿ, 'ಪರಾರಿ' ಪದದ ಅರ್ಥವನ್ನು ಯಾರು ತಿದ್ದಬಯಸುತ್ತೀರಿ ಎಂದು ಕೇಳಿ. ತಿದ್ದುವವರು ಹಲಗೆಗೆ ಬಂದು ತಾವೇ ತಿದ್ದಲಿ.

ಮೌಲ್ಯಮಾಪನ

'ಗುದ್ದಿ ಪರಾರಿಗೆ ಶಿಕ್ಷೆ ಎಷ್ಟು' ಎಂಬ ಒಂದು ಅಂಕದ ಪ್ರಶ್ನೆ ಬೇಡ. ಇಲ್ಲಿಯವರೆಗಿನ ಕೆಲಸವನ್ನು ಅದು ಮತ್ತೆ ಹತ್ತು ವರ್ಷದ ವಾಕ್ಯಕ್ಕೆ ತಂದು ನಿಲ್ಲಿಸುತ್ತದೆ. ಬದಲಿಗೆ ಹೀಗೆ ಕೇಳಬಹುದು: ಮೊದಲ ಚೀಟಿಯ ಚಾಲಕ ಠಾಣೆಯಲ್ಲಿ ಹೇಳಬೇಕಾದದ್ದನ್ನು ಐದು ವಾಕ್ಯಗಳಲ್ಲಿ ಬರೆಯಿರಿ. ಜಾಗ, ಹೊತ್ತು, ವಾಹನದ ನಂಬರು, ಗಾಯಾಳುವಿನ ಸ್ಥಿತಿ, ಆಸ್ಪತ್ರೆಗೆ ಸೇರಿಸಲಾಗದ ಕಾರಣ ಇವಿಷ್ಟೂ ಬಂದಿದ್ದರೆ ಪೂರ್ಣಾಂಕ. ಮನೆಗೆಲಸಕ್ಕೆ, ವಾಹನ ಪತ್ತೆಯಾಗದ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಪರವಾಗಿ ತಾಲ್ಲೂಕಿನ ಅಧಿಕಾರಿಗೆ ಒಂದು ಅರ್ಜಿ ಬರೆಸಿ. ಕನ್ನಡ ಪತ್ರಲೇಖನದ ಅಭ್ಯಾಸವೂ ಆಗುತ್ತದೆ.

ಮಾರ್ಗದರ್ಶಕ ಅಧ್ಯಾಪಕರು ವೀಕ್ಷಣಾ ಪುಸ್ತಕದಲ್ಲಿ ಅಂಕಿ ಸರಿಯಿದೆಯೇ ಎಂಬುದರ ಜೊತೆಗೆ, ಪ್ರಶಿಕ್ಷಣಾರ್ಥಿ ಮಕ್ಕಳ ಭಯದ ಪ್ರಶ್ನೆಗೆ ಏನು ಉತ್ತರ ಕೊಟ್ಟರು ಎಂಬುದನ್ನೂ ಬರೆಯುವುದು ಒಳ್ಳೆಯದು. ನಲವತ್ತು ನಿಮಿಷದ ಅವಧಿ ಈ ಪಾಠಕ್ಕೆ ಬಿಗಿಯಾಗುತ್ತದೆ. ಹೊತ್ತು ಸಾಲದಿದ್ದರೆ ಹಸುವಿನ ಚೀಟಿ ಬಿಡಿ, ದೆಹಲಿಯ ಪ್ರಕರಣ ಬಿಡಿ. ಎರಡನೆಯ ಮತ್ತು ನಾಲ್ಕನೆಯ ಚೀಟಿಗಳನ್ನು ಬಿಡಬೇಡಿ.